ಮೂಗುತಿ ಮೀನೂ ತಿಪ್ಪೇಶನ ಸೋರುವ ತೊಟ್ಟಿಯೂ

ಮೊದಲು ಹೊಂಡದಮ್ಮನಿಗೆ ಕೈಮುಗಿದು ಆಮೇಲೆ ಬಾಯಿ ತೆರೆಯಬೇಕು. ಕತೆ ಪೆದ್ದನದೇ ಆದರೂ ಅದರೊಳಗಿನ ಮೀನು ಅವಳದು.

ಹೊಂಡದಮ್ಮನ ಊರಿನಲ್ಲಿ ಹಾಲಮ್ಮ ಅಂತ ಒಬ್ಬಳು ತಾಯಿ, ತಿಪ್ಪೇಶ ಅಂತ ಅವಳಿಗೊಬ್ಬ ಮಗ. ಮೈಯಲ್ಲಿ ಎತ್ತಿನ ಕಸುವು, ಮನಸ್ಸು ಹಾಲಿನಂಥದು, ಬುದ್ಧಿ ಮಾತ್ರ ಬರುವಾಗ ಎಲ್ಲೋ ದಾರಿಯಲ್ಲಿ ಕೂತುಬಿಟ್ಟಿತ್ತು. ಹೇಳಿದ ಮಾತನ್ನು ಒಂದಿಷ್ಟೂ ಮೀರುವವನಲ್ಲ, ಅದೇ ತಾಯಿಗೆ ಕಷ್ಟ. ಬಾಗಿಲಿಗೆ ಯಾರು ಬಂದಿದ್ದಾರೆ ನೋಡು ಅಂದರೆ ಹೋಗಿ ನೋಡುವನು, ಬಂದು ಕೂರುವನು. ಯಾರೋ ಅದು ಅಂದರೆ, ನೋಡು ಅಂದೆ, ನೋಡಿದೆ ಅನ್ನುವನು. ಬಂದವರು ಬಿಸಿಲಲ್ಲಿ ನಿಂತೇ ಇರುವರು. ಹಾಲಮ್ಮ ಹಣೆ ಚಚ್ಚಿಕೊಳ್ಳುವಳು. ಮಗ ಎದೆಯುಬ್ಬಿಸಿ, ಹೇಳಿದ್ದು ಹೇಳಿದಂಗೇ ಮಾಡಿದೆ ಕಣವ್ವ ಅನ್ನುವನು.

ಆ ಊರಿನ ಗುಡಿಯ ಮುಂದೆ ಒಂದು ಹೊಂಡ. ಹೊಂಡದ ಮೀನನ್ನು ಯಾರೂ ಹಿಡಿಯುವಂತಿಲ್ಲ, ಅವು ದೇವಿಯ ಹೆಣ್ಣುಮಕ್ಕಳು. ಅವುಗಳಲ್ಲಿ ಹಿರಿಯ ಮೀನಿಗೆ ಬಂಗಾರದ ಪುಟ್ಟ ಮೂಗುತಿ. ಅದನ್ನು ಯಾವ ಕಾಲದಲ್ಲಿ ಯಾರು ಹಾಕಿಸಿದರೋ ತಿಳಿದವರಿಲ್ಲ. ಹೊಂಡದ ಹೂಳು ತೆಗೆಸುವ ವರ್ಷ ಬಂತೆಂದರೆ ಮೀನುಗಳನ್ನೆಲ್ಲ ಊರ ಮನೆಗಳಿಗೆ ಹಂಚುವರು. ಹೆಣ್ಣುಮಕ್ಕಳು ತವರಿಗೆ ಬಂದರು ಅನ್ನುವರು. ಮತ್ತೆ ಹೊಂಡ ತುಂಬಿದ ದಿನ ತವರಿನವರು ಅವಕ್ಕೆ ಮಡಿಲು ತುಂಬಿ ಕಳಿಸಬೇಕು. ಮೂಗುತಿಯವಳಿಗೆ ಮೊದಲ ಮಡಿಲು ತುಂಬುವ ಮನೆಗೆ ಊರೆಲ್ಲ ತಲೆಬಾಗುತ್ತದೆ. ಆದರೆ ಒಂದು ಕಟ್ಟು ಉಂಟು. ಮೀನು ಯಾವ ಪಾತ್ರೆಯಲ್ಲಿ ತವರಿಗೆ ಬಂತೋ ಅದೇ ಪಾತ್ರೆಯಲ್ಲಿ ಹೊಂಡಕ್ಕೆ ಮರಳಬೇಕು. ನಡುವೆ ಪಾತ್ರೆ ಬದಲಾಯಿತೋ, ತವರೂ ಬದಲಾಯಿತು. ಮಡಿಲು ತುಂಬುವ ಭಾಗ್ಯ ಆ ಇನ್ನೊಂದು ಪಾತ್ರೆಯ ಮನೆಗೆ.

ಈ ಸಲ ಮೂಗುತಿಯವಳು ಹಾಲಮ್ಮನ ಮನೆಗೆ ಬಂದಳು. ಯಾಕೆಂದರೆ ಊರಿಗೆಲ್ಲ ಹಂಡೆ, ಕೊಪ್ಪರಿಗೆ ಇದ್ದರೆ ಹಾಲಮ್ಮನ ಮನೆಯಲ್ಲಿ ಗಾಜಿನ ಮೀನುತೊಟ್ಟಿ ಇತ್ತು. ಅವಳ ಗಂಡ ದಾವಣಗೆರೆಯ ಒಂದು ಲಾಡ್ಜಿನಲ್ಲಿ ಅಡುಗೆಗಿದ್ದವನು. ಲಾಡ್ಜು ಮುಚ್ಚಿದಾಗ ಇದನ್ನು ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದಿದ್ದ. ಅವನು ಶಿವನ ಪಾದ ಸೇರಿದ ಮೇಲೆ ಅದರಲ್ಲಿ ಹಪ್ಪಳ ತುಂಬಿಡುತ್ತಿದ್ದರು. ಪೂಜಾರಿ ಕೊಟ್ರಯ್ಯನವರು ಅದನ್ನು ನೋಡಿ, ನಾಲ್ಕು ಜನಕ್ಕೆ ಕಣ್ಣು ತುಂಬ ದರ್ಶನ ಆಗ್ತದೆ, ಅಮ್ಮನ ಹಿರೀಮಗಳು ಇಲ್ಲೇ ಇರಲಿ ಅಂದರು. ಹೆಣ್ಣುಮಗಳಿಲ್ಲದ ಹಾಲಮ್ಮನಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆ ಸಾವಂತ್ರಕ್ಕ ಬೆಳಗಿಟ್ಟಿದ್ದ ತಾಮ್ರದ ಹಂಡೆ ಮಾತ್ರ ಹೊಳೆದು ಹೊಳೆದು ಸುಮ್ಮನಾಯಿತು.

ಮೀನು ಬಂದು ವಾರವೂ ಕಳೆದಿರಲಿಲ್ಲ. ಒಂದು ಬೆಳಿಗ್ಗೆ ಹಾಲಮ್ಮ ಕಸ ಗುಡಿಸಲು ಹೋದರೆ ತೊಟ್ಟಿಯ ಕೆಳಗೆ ನೆಲ ಒದ್ದೆ. ಮೀನು ಬಾಲ ಬಡಿದು ಚೆಲ್ಲಿದ ನೀರೋ, ಪಕ್ಕದ ನೀರಿನ ಹರವಿ ಬೆವರಿದ್ದೋ, ತೊಟ್ಟಿಯೇ ಸೋರುತ್ತಿದೆಯೋ ಗೊತ್ತಾಗಲಿಲ್ಲ. ಸೆರಗಿನಿಂದ ಒರೆಸಿದಳು, ಮತ್ತೆ ಒದ್ದೆಯಾಯಿತು. ತೊಟ್ಟಿ ಸೋರುವುದು ಊರಿಗೆ ತಿಳಿದರೆ ಮೀನು ಸಾವಂತ್ರಕ್ಕನ ಹಂಡೆಗೆ ಹೋಗುತ್ತದೆ. ತಿಳಿಯದೆ ನೀರೆಲ್ಲ ಹೋಯಿತೋ, ದೇವಿಯ ಮಗಳ ಪ್ರಾಣವೇ ಹೋಗುತ್ತದೆ.

ಮಗನನ್ನು ಕರೆದು ತೊಟ್ಟಿಯ ಮುಂದೆ ಕೂರಿಸಿದಳು. ನಾನು ಹೂ ಬಿಡಿಸಿಕೊಂಡು ಬರ್ತೀನಿ, ಇದು ಸೋರ್ತದೋ ಇಲ್ಲವೋ ಕಣ್ಣು ತೆಗೀದಂಗೆ ನೋಡ್ತಿರು ಅಂದಳು. ತಿಪ್ಪೇಶ ಕೂತ. ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡಲಿಲ್ಲ. ಹಾಲಮ್ಮ ಬಂದು ನೋಡುತ್ತಾಳೆ, ತೊಟ್ಟಿಯಲ್ಲಿ ಅರ್ಧ ನೀರಿಲ್ಲ. ಮೂಲೆಯಿಂದ ಸಣ್ಣ ದಾರದಂತೆ ಇಳಿಯುತ್ತಿದೆ.

"ನೀರು ಹೋಗೋದು ಕಾಣಲಿಲ್ಲೇನೋ?"

"ಕಂಡಿತವ್ವ. ಬಾಳ ಚೆನ್ನಾಗಿ ಕಂಡಿತು. ಒಂದು ಸಲವೂ ಕಣ್ಣು ತೆಗೀಲಿಲ್ಲ."

ಹಾಲಮ್ಮ ಹಣೆ ಚಚ್ಚಿಕೊಂಡಳು. ಹರವಿಯ ನೀರನ್ನೆಲ್ಲ ತೊಟ್ಟಿಗೆ ಸುರಿದಳು. ಸೋರುವ ಮೂಲೆಯ ಕೆಳಗೆ ಗೋಣಿತಟ್ಟು ಮಡಿಸಿಟ್ಟು ಅದನ್ನು ಒಂದಿಷ್ಟು ಎತ್ತರಿಸಿದಳು. ಆಮೇಲೆ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ನೀರು ಎಷ್ಟಿದೆಯೋ ಅಷ್ಟಕ್ಕೆ ಗಾಜಿನ ಹೊರಗೆ ಒಂದು ಗೆರೆ ಎಳೆದಳು. ಬರೀ ನೋಡೋದಲ್ಲ ಕಣಪ್ಪ, ನೀರೂ ಗೆರೆಯೂ ಯಾವಾಗಲೂ ಸಮ ಇರಬೇಕು, ಅದು ನಿನ್ನ ಜವಾಬ್ದಾರಿ ಅಂದಳು. ತಿಪ್ಪೇಶ ತಲೆಯಾಡಿಸಿದ.

ಸಂಜೆ ಹಾಲಮ್ಮ ಗುಡಿಯಿಂದ ಬರುವ ಹೊತ್ತಿಗೆ ಮಗ ಹೊಸಿಲಲ್ಲೇ ಕಾದಿದ್ದ. ಮುಖ ಬೆಳಗುತ್ತಿತ್ತು. ಬಾ ಅವ್ವ, ನೋಡು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಅಂತ ಕೈಹಿಡಿದು ಕರೆದುಕೊಂಡು ಹೋದ. ನಿಜ, ನೀರೂ ಗೆರೆಯೂ ಸಮವಾಗಿಯೇ ಇದ್ದವು. ಆದರೆ ಎರಡೂ ತೊಟ್ಟಿಯ ತಳದ ಹತ್ತಿರ ಇದ್ದವು. ನೀರು ಇಳಿದಂತೆಲ್ಲ ಪುಣ್ಯಾತ್ಮ ಹಳೇ ಗೆರೆ ಒರೆಸಿ ಕೆಳಗೆ ಹೊಸ ಗೆರೆ ಎಳೆದಿದ್ದ. ವಿಭೂತಿ ಗಟ್ಟಿ ಸವೆದು ಬಟಾಣಿಯಷ್ಟಾಗಿತ್ತು. ಮೂಗುತಿಯವಳು ಬೆನ್ನು ಹೊರಗೆ ಹಾಕಿಕೊಂಡು ಒಂದೇ ಕಡೆ ನಿಂತಿದ್ದಳು.

"ಹೇಳಿದ್ದು ಹೇಳಿದಂಗೇ ಮಾಡಿದೆ ಕಣವ್ವ."

ಹಾಲಮ್ಮ ಹಣೆ ಚಚ್ಚಿಕೊಂಡಳು. ಕೊಡದ ಮೇಲೆ ಕೊಡ ಹುಯ್ದಳು. ಗೆರೆ ಇಳಿಸೋದಲ್ಲ ಕಣೋ ನನ್ನಪ್ಪ, ನೀರು ಇಳಿದ ಕೂಡಲೇ ಇಳಿದಷ್ಟೂ ನೀರು ಹುಯ್ಯಬೇಕು, ತಿಳೀತಾ ಅಂದಳು. ತಿಳೀತು ಅಂದ.

ಮಾರನೆಯ ದಿನ ಶುಕ್ರವಾರ, ದೇವಿಗೆ ಕಜ್ಜಾಯದ ನೈವೇದ್ಯ. ಹಾಲಮ್ಮ ಒಲೆಯ ಮೇಲೆ ಬೆಲ್ಲದ ಪಾಕಕ್ಕಿಟ್ಟು, ಸ್ವಲ್ಪ ನೋಡ್ಕೋ ಅಂತ ಮಗನಿಗೆ ಹೇಳಿ ಅಕ್ಕಿ ಕುಟ್ಟಲು ಹಿತ್ತಲಿಗೆ ಹೋದಳು. ಪಾಕ ಕುದಿಯಿತು, ಕುದಿದು ಇಳಿಯಿತು. ಇಳಿದ ಕೂಡಲೇ ತಿಪ್ಪೇಶ ಒಂದು ಚೊಂಬು ನೀರು ಹುಯ್ದ. ಮತ್ತೆ ಇಳಿಯಿತು, ಮತ್ತೆ ಹುಯ್ದ. ಅಕ್ಕಿ ಹಿಟ್ಟಾಯಿತು, ಹಿಟ್ಟು ಜರಡಿಯಾಯಿತು, ಪಾಕ ಮಾತ್ರ ಆಗಲೇ ಇಲ್ಲ. ಹಾಲಮ್ಮ ಬಂದು ಸೌಟಿನಲ್ಲಿ ಎತ್ತಿ ನೋಡಿದರೆ ಎಮ್ಮೆಗಿಡುವ ಕಲಗಚ್ಚು.

ಈ ಸಲ ಹಣೆ ಚಚ್ಚಿಕೊಳ್ಳಲೂ ಕೈ ಬರಲಿಲ್ಲ, ಕೈಯೆಲ್ಲ ಹಿಟ್ಟಾಗಿತ್ತು. ಆದರೆ ದೇವಿಯ ಬೆಲ್ಲ, ಚೆಲ್ಲುವ ಹಾಗಿಲ್ಲ. ಅದನ್ನೇ ಮತ್ತೆ ಕುದಿಸಿ ಅಂಟು ಮಾಡಿ, ಸುಣ್ಣ ಸೇರಿಸಿ ಅರೆದು, ಹತ್ತಿಗೆ ಸವರಿ ತೊಟ್ಟಿಯ ಸೋರುವ ಮೂಲೆಗೆ ಹೊರಗಡೆಯಿಂದ ಮೆತ್ತಿದಳು. ಹಿಂದಿನವರು ತೂತಾದ ಹಂಡೆಗೆ ಹೀಗೇ ಮಾಡುತ್ತಿದ್ದರು. ದಾರದಂತೆ ಇಳಿಯುತ್ತಿದ್ದ ನೀರು ಹನಿಗೆ ಬಂತು. ಉಳಿದ ಸುಣ್ಣ ಬೆಲ್ಲವನ್ನು ಕರಟದಲ್ಲಿ ಹಾಕಿ ಮಗನ ಕೈಗೆ ಕೊಟ್ಟಳು. ಇಳೀತು ಅಂತ ಸುಮ್ಮನೆ ಹುಯ್ತಾ ಹೋಗೋದಲ್ಲ. ಎಲ್ಲಿಂದ ಹನಿ ಬೀಳ್ತದೆ ನೋಡಬೇಕು, ತೂತು ಕಂಡ ತಕ್ಷಣ ಇದನ್ನು ಮೆತ್ತಬೇಕು ಅಂತ ಕಲಿಸಿದಳು.

ಅಷ್ಟರಲ್ಲಿ ಒದ್ದೆ ಹೊಸಿಲು ದಾಟಿ ಜಗುಲಿಗೆ ಬಂದಿತ್ತು. ಸಾವಂತ್ರಕ್ಕ ಅದನ್ನು ಕಾಲುಬೆರಳಲ್ಲಿ ಮುಟ್ಟಿ ನೋಡಿದಳು.

"ಏನವ್ವ ಹಾಲಮ್ಮ, ನಿನ್ನ ಮಗಳು ಅಳ್ತಾಳೇನು? ಜಗುಲಿ ತನಕ ಕಣ್ಣೀರು ಹರಿದದೆ."

"ತವರು ಬಿಟ್ಟು ಹೋಗೋ ದಿನ ಹತ್ತಿರ ಬಂತಲ್ಲ ಸಾವಂತ್ರಕ್ಕ, ಈಗಲೇ ಅಳ್ತಾಳೆ."

ಹಾಗೆ ಹೇಳಿ ಒಳಗೆ ಬಂದು ಕದ ಹಾಕಿಕೊಂಡು, ಹಾಲಮ್ಮ ಹೊಸಿಲಿಗೆ ಇನ್ನೊಂದು ಗೋಣಿತಟ್ಟು ಒತ್ತಿದಳು.

ಸೋಮವಾರ ಮಗನ ಕೈಯಲ್ಲಿ ಗುಡಿಗೆ ಬಿಲ್ವಪತ್ರೆ ಕಳಿಸಿದಳು. ಅವನು ಒಂದು ಕೈಯಲ್ಲಿ ಪತ್ರೆ, ಒಂದು ಕೈಯಲ್ಲಿ ಕರಟ ಹಿಡಿದು ಹೋದ. ಹೊಂಡದಮ್ಮನ ಪಕ್ಕದಲ್ಲಿ ಈಶ್ವರನ ಗುಡಿ. ಲಿಂಗದ ಮೇಲೆ ಸರಪಳಿಯಲ್ಲಿ ತಾಮ್ರದ ಧಾರಾಪಾತ್ರೆ ತೂಗುತ್ತದೆ, ಅದರ ತಳದ ಸಣ್ಣ ತೂತಿನಿಂದ ಹಗಲೂ ರಾತ್ರಿ ಹನಿಹನಿಯಾಗಿ ನೀರು ಬಿದ್ದು ಸ್ವಾಮಿಯ ನೆತ್ತಿ ತಂಪಾಗಿರುತ್ತದೆ. ತಿಪ್ಪೇಶ ನೋಡಿದ. ಹನಿ ಬೀಳುತ್ತಿದೆ. ಬಗ್ಗಿ ನೋಡಿದ. ತೂತಿದೆ. ಅಯ್ಯೋ ಪಾಪ, ದೇವರ ಮನೆಯಲ್ಲೂ ಇದೇ ಕಷ್ಟವೇ ಅಂತ ಮರುಗಿ, ಸುಣ್ಣ ಬೆಲ್ಲವನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆತ್ತಿದ. ಹನಿ ನಿಂತಿತು. ನಿಂತದ್ದನ್ನು ನೋಡಿಕೊಂಡು ಕೂತ.

ಕೊಟ್ರಯ್ಯನವರು ಬಂದರು. ಲಿಂಗ ಒಣಗಿ ಬೆಳ್ಳಗಾಗಿದೆ, ಪಾತ್ರೆಯಲ್ಲಿ ನೀರು ತುಂಬಿದ ಹಾಗೇ ಇದೆ. ಅವರು ಗಾಬರಿಯಾಗಿ ಶಿವ ಶಿವ ಅನ್ನುವುದರೊಳಗೆ ತಿಪ್ಪೇಶನೇ ಎದ್ದು ಕೈಮುಗಿದು, ಅಯ್ಯನೋರೆ, ನಿಮ್ಮದೂ ಸೋರ್ತಿತ್ತು, ಸರಿ ಮಾಡಿದೀನಿ, ಯಾರಿಗೂ ಹೇಳೋದಿಲ್ಲ, ನಮ್ಮದನ್ನೂ ನೀವು ಹೇಳಬೇಡಿ ಅಂದ.

ಹೀಗೆ ಗುಟ್ಟು ಪೂಜಾರಿಯ ಕಿವಿಗೂ ಬಿತ್ತು. ಕೊಟ್ರಯ್ಯನವರು ತೂತಿನ ಸುಣ್ಣ ಕೆರೆದು ತೆಗೆಯುವುದರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಹಾಲಮ್ಮನ ಮನೆಗೆ ಬಂದು, ತೊಟ್ಟಿಯನ್ನು ಸುತ್ತಿ ನೋಡಿ, ಹಾಲಮ್ಮ, ಹೊಂಡ ತುಂಬೋ ತನಕ ಇದು ತಡೆದರೆ ನಿನ್ನ ಪುಣ್ಯ, ಮೀನಿಗೆ ಕಷ್ಟವಾಗೋದು ಕಂಡರೆ ಮಾತ್ರ ನಾನು ಹಂಡೆ ತರಿಸಬೇಕಾಗ್ತದೆ ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಅದಕ್ಕೇ ಹಾಲಮ್ಮನಿಗೆ ಹೆಚ್ಚು ನಾಟಿತು.

ಅವರು ಹೋದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಬೈದಳು. ದೇವರ ಪಾತ್ರೆ ಹನಿಸಬೇಕು, ನಮ್ಮ ತೊಟ್ಟಿ ಹನಿಸಬಾರದು, ಯಾವುದು ಹೇಗೆ ಅಂತ ನಿನಗೆ ತಿಳಿಯೋದಿಲ್ಲ. ಇನ್ನು ಮುಂದೆ ಯಾವುದಕ್ಕೇ ಕೈಹಾಕೋ ಮೊದಲು ಅದು ಯಾರದೋ ಅವರನ್ನು ಕೇಳು. ಅವರು ಹೂಂ ಅಂದ ಮೇಲೆ ಮುಟ್ಟು.

"ಕೇಳಿ ಮುಟ್ತೀನಿ ಅವ್ವ."

ಹೊಂಡ ತುಂಬುವ ದಿನ ಹತ್ತಿರ ಬಂತು. ಊರಿನ ಹೆಂಗಸರೆಲ್ಲ ಗುಡಿಯ ಅಂಗಳ ಸಾರಿಸಲು ಹೋಗಬೇಕು. ನೀರು ಇಳಿದರೆ ಹುಯ್ಯಿ, ಕೊಡ ತುಂಬಿ ಇಟ್ಟಿದೀನಿ ಅಂತ ಮಗನಿಗೆ ಹೇಳಿ ಹಾಲಮ್ಮ ಹೋದಳು. ನೀರು ಇಳಿಯಿತು. ತಿಪ್ಪೇಶ ಕೊಡ ಎತ್ತಿದ. ಎತ್ತಿದವನಿಗೆ ನೆನಪಾಯಿತು, ಕೇಳದೆ ಕೈಹಾಕಬಾರದು. ಮೀನು ಯಾರದು? ದೇವಿಯದು. ತುಂಬಿದ ಕೊಡವನ್ನು ಹೆಗಲಿಗೇರಿಸಿಕೊಂಡು ಗುಡಿಗೆ ನಡೆದ.

ಆ ಗುಡಿಯಲ್ಲಿ ದೇವಿಯನ್ನು ಕೇಳುವ ರೀತಿ ಎಲ್ಲರಿಗೂ ಗೊತ್ತು. ಕೇಳಿ ನಿಂತರೆ ಅಮ್ಮನ ಮುಡಿಯಿಂದ ಹೂ ಬೀಳಬೇಕು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ತಿಪ್ಪೇಶ ಕೊಡ ಹೊತ್ತುಕೊಂಡೇ ಕೇಳಿದ, ತಾಯಿ, ನಿನ್ನ ಮಗಳಿಗೆ ನೀರು ಹುಯ್ಯಲಾ? ಹೂ ಬೀಳಲಿಲ್ಲ. ನಿಂತ. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಅಂಗಳ ಸಾರಿಸಿ ಮುಗಿಸಿದ ಹಾಲಮ್ಮ ಕೈಮುಗಿಯಲು ಒಳಗೆ ಬಂದರೆ ಮಗ ಕಂಬದ ಹಾಗೆ ನಿಂತಿದ್ದಾನೆ.

"ನೀನೇನೋ ಇಲ್ಲಿ?"

"ಶ್, ಅವ್ವ. ಅಮ್ಮ ಇನ್ನೂ ಯೋಚನೆ ಮಾಡ್ತಿದಾಳೆ."

ಹಾಲಮ್ಮ ಅವನ ಹೆಗಲಿನ ಕೊಡ ಕಿತ್ತುಕೊಂಡು ಓಡಿದ ಓಟ ಆ ಊರು ಕಂಡಿರಲಿಲ್ಲ. ಮೀನು ಪಕ್ಕಕ್ಕೆ ವಾಲಿ, ಕಿವಿರು ಬಿಡುತ್ತ ಮುಚ್ಚುತ್ತ ಇತ್ತು. ನೀರು ಹುಯ್ದು, ತೊಟ್ಟಿಯ ಮುಂದೆ ಕೂತು, ನನ್ನವ್ವ, ಹೋಗಬೇಡ ನನ್ನವ್ವ ಅಂತ ಹೆತ್ತ ಮಗಳನ್ನು ಬೇಡಿದಂತೆ ಬೇಡಿದಳು. ಬಹಳ ಹೊತ್ತಾದ ಮೇಲೆ ಮೀನು ನೆಟ್ಟಗಾಯಿತು, ಬಾಲ ಆಡಿಸಿತು. ಆಗ ಹಾಲಮ್ಮ ಅತ್ತಳು.

ಹಿಂದೆಯೇ ಓಡಿ ಬಂದಿದ್ದ ತಿಪ್ಪೇಶ ಬಾಗಿಲಲ್ಲಿ ನಿಂತಿದ್ದ. ತಾಯಿ ಅತ್ತದ್ದು ಕಂಡು ಅವನ ಎದೆ ಉಬ್ಬಲಿಲ್ಲ. ಹೇಳಿದ್ದು ಹೇಳಿದಂಗೆ ಮಾಡಿದೆ ಅನ್ನುವ ಮಾತೂ ಬರಲಿಲ್ಲ. ಈಗೇನು ಮಾಡಲಿ ಹೇಳವ್ವ ಅಂದ, ಅಷ್ಟೇ.

ಹಾಲಮ್ಮ ಕಣ್ಣೊರೆಸಿಕೊಂಡು, ಬಯ್ಯದೆ, ನಿಧಾನವಾಗಿ ಹೇಳಿದಳು. "ನೀರು ಹೋಗ್ತಿರುವಾಗ ಯಾರನ್ನೂ ಕೇಳಬೇಡ. ಯಾರು ತಡೆದರೂ ನಿಲ್ಲಬೇಡ. ಮೀನು ನೀರಲ್ಲಿರಬೇಕು, ತೊಟ್ಟಿ ನಿನ್ನ ಕೈಲಿರಬೇಕು. ಅಷ್ಟೇ ಮಗ ನಿನ್ನ ಕೆಲಸ."

ಆ ದಿನ ಬಂತು. ಹೊಂಡ ಮೆಟ್ಟಿಲ ಮೇಲಿನವರೆಗೆ ತುಂಬಿ ತಿಳಿಯಾಗಿ ನಿಂತಿತ್ತು. ಡೊಳ್ಳಿನವರು ಮುಂದೆ, ದೇವಿಯ ಉತ್ಸವಮೂರ್ತಿ ನಡುವೆ, ಅದರ ಹಿಂದೆ ತಲೆಯ ಮೇಲೆ ಸಿಂಬೆಯಿಟ್ಟು ಗಾಜಿನ ತೊಟ್ಟಿ ಹೊತ್ತ ತಿಪ್ಪೇಶ. ನೀರು ಅರ್ಧ ಮಾತ್ರ ಇತ್ತು, ಮೂಲೆಗೆ ಹೊಸ ಸುಣ್ಣ ಬೆಲ್ಲ. ಬಿಸಿಲು ಬಿದ್ದು ಮೂಗುತಿ ಮಿಂಚಿತೆಂದರೆ ಬೀದಿಯ ಎರಡೂ ಕಡೆ ಜನ ಕೈಯೆತ್ತಿ ಮುಗಿಯುತ್ತಿದ್ದರು. ಅಷ್ಟು ಭಾರವನ್ನು ಊರಿನಲ್ಲಿ ಇನ್ನೊಬ್ಬ ಹೊರಲಾರ. ಹಾಲಮ್ಮ ಮಡಿಲಕ್ಕಿಯ ತಟ್ಟೆ ಹಿಡಿದು ಮಗನ ಹಿಂದೆ ನಡೆದಳು. ಜೀವಮಾನದಲ್ಲಿ ಅವಳ ತಲೆ ಅಷ್ಟು ನೆಟ್ಟಗೆ ನಿಂತದ್ದಿಲ್ಲ.

ಗುಡಿಯ ತಿರುವಿಗೆ ಬಂದಾಗ ಟಪ್ ಅಂತ ಸಣ್ಣದೊಂದು ಸದ್ದಾಯಿತು. ಮೂಲೆಯ ಸುಣ್ಣ ಕಳಚಿ ಬಿದ್ದು, ಬಿರುಕು ಮೇಲಕ್ಕೆ ಓಡಿತು. ನೀರು ತಿಪ್ಪೇಶನ ಕಿವಿಯ ಮೇಲಿಂದ ಹೆಗಲಿಗೆ, ಹೆಗಲಿಂದ ಬೀದಿಗೆ ಸುರಿಯತೊಡಗಿತು. ಸಾವಂತ್ರಕ್ಕ ಮೊದಲು ಕಂಡಳು. ನಿಲ್ಲಿಸಿ, ನಮ್ಮ ಹಂಡೆ ತರ್ತೀನಿ ಅಂತ ಕೂಗುತ್ತ ಮನೆ ಕಡೆ ಓಡಿದಳು. ಹಿರಿಯರು ನಿಲ್ಲೋ ಅಂದರು. ಕೊಟ್ರಯ್ಯನವರು ಅಡ್ಡಬಂದು, ನಿಲ್ಲಪ್ಪ ತಿಪ್ಪೇಶ, ಆರತಿ ಆಗಬೇಕು, ಮೆಟ್ಟಿಲ ಪೂಜೆ ಆಗಬೇಕು ಅಂದರು.

ನೀರು ಹೋಗುತ್ತಿತ್ತು. ಅದಕ್ಕೇ ತಿಪ್ಪೇಶ ಯಾರನ್ನೂ ಕೇಳಲಿಲ್ಲ, ಯಾರು ತಡೆದರೂ ನಿಲ್ಲಲಿಲ್ಲ. ದೇವಿಯನ್ನು ದಾಟಿದ, ಡೊಳ್ಳು ದಾಟಿದ, ಹಿರಿಯರ ಕೈಗಳನ್ನು ದಾಟಿದ. ಎಲ್ಲರೂ ಹಾಲಮ್ಮನ ಕಡೆ ತಿರುಗಿ, ನೀನಾದರೂ ನಿಲ್ಲು ಅನ್ನಬಾರದೇನವ್ವ ಅಂದರು. ಅವಳು ನಿಲ್ಲು ಅಂದಿದ್ದರೆ ಅವನು ನಿಲ್ಲುತ್ತಿದ್ದ. ಅವಳ ಬಾಯಿಯಿಂದ ಆ ಮಾತು ಬರಲಿಲ್ಲ.

ತಿಪ್ಪೇಶ ಹೊಂಡದ ಮೆಟ್ಟಿಲಿಳಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಎದೆ ಮುಳುಗಿತು. ಅಲ್ಲಿ ನಿಲ್ಲಬಹುದಿತ್ತು, ಆದರೆ ಯಾರೂ ನಿಲ್ಲು ಅಂತ ಹೇಳಿಕೊಟ್ಟಿರಲಿಲ್ಲ. ಕತ್ತು ಮುಳುಗಿತು, ತಲೆ ಮುಳುಗಿತು, ತಲೆಯ ಮೇಲಿನ ತೊಟ್ಟಿಯೂ ಮುಳುಗಿತು. ಹೊಂಡದ ನೀರು ತೊಟ್ಟಿಯೊಳಗೆ ನುಗ್ಗಿದ್ದೇ ಮೂಗುತಿಯವಳು ಒಂದು ಸಲ ಮಿಂಚಿ, ಬಾಲ ಬೀಸಿ, ತನ್ನ ಮನೆಯೊಳಕ್ಕೆ ಹೊರಟುಹೋದಳು.

ಹೊಂಡದ ಮೇಲೆ ಗುಳ್ಳೆ ಮಾತ್ರ. ಹಾಲಮ್ಮ ಮಡಿಲಕ್ಕಿಯ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟಳು. ಮೀನು ಉಳಿಯಿತು, ಮಗ ಹೋದನೇನೋ ಅಂತ ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಬುಳಕ್ ಅಂತ ತಿಪ್ಪೇಶನ ತಲೆ ಮೇಲೆ ಬಂತು. ಮೆಟ್ಟಿಲಿಗೆ ಕಾಲು ಸಿಕ್ಕಿತ್ತು. ನೀರು ಉಗುಳಿ, ಕಣ್ಣು ಬಿಟ್ಟು, ತಾಯಿಯನ್ನು ಹುಡುಕಿದ. ಕೈಗಳು ಮಾತ್ರ ನೀರೊಳಗೇ ಇದ್ದವು.

ಅದೇ ಹೊತ್ತಿಗೆ ಉತ್ಸವಮೂರ್ತಿಯ ಮುಡಿಯಿಂದ ಒಂದು ಸೇವಂತಿಗೆ ಜಾರಿ ಬಲಕ್ಕೆ ಬಿತ್ತು. ಕೊಟ್ರಯ್ಯನವರು ಅದನ್ನೆತ್ತಿ ಕಣ್ಣಿಗೊತ್ತಿಕೊಂಡರು. ಮೊನ್ನೆ ನಿನ್ನ ಮಗ ಕೇಳಿದ್ದಕ್ಕೆ ಅಮ್ಮ ಈಗ ಹೂಂ ಅಂದಳು, ಬಂದ ಪಾತ್ರೆಯಲ್ಲೇ ಮಗಳು ಮನೆ ಸೇರಿದಳು, ಹಾಲಮ್ಮ, ಮಡಿಲು ತುಂಬು ಅಂದರು. ಹಾಲಮ್ಮ ಸೊಂಟದವರೆಗೆ ಹೊಂಡಕ್ಕಿಳಿದು ಅಕ್ಕಿ, ಅರಿಶಿನ, ವೀಳ್ಯದೆಲೆ ಎಲ್ಲವನ್ನೂ ಮಗಳಿಗೆ ಒಪ್ಪಿಸಿದಳು. ಖಾಲಿ ಹಂಡೆ ಹೊತ್ತು ಏದುಸಿರು ಬಿಡುತ್ತ ಬಂದ ಸಾವಂತ್ರಕ್ಕ ಅದನ್ನು ಕೆಳಗಿಟ್ಟು, ತಾನೂ ಕೈಮುಗಿದಳು.

ನೆಂಟರೂರಿನ ಒಬ್ಬ ಮುದುಕ, ಯಾರವ್ವ ಆ ಹುಡುಗ ಅಂತ ಕೇಳಿದ.

"ನನ್ನ ಮಗ," ಅಂದಳು ಹಾಲಮ್ಮ. ಅದನ್ನು ಅವಳು ಊರೆಲ್ಲ ಕೇಳುವ ಹಾಗೆ ಅಂದಳು. "ಹೇಳಿದ್ದು ಹೇಳಿದಂಗೇ ಮಾಡ್ತಾನೆ."

ಆರತಿಯಾಯಿತು, ಉಳಿದ ಮೀನುಗಳೂ ಮನೆ ಸೇರಿದವು, ಗುಡಿಯ ಅಂಗಳದಲ್ಲಿ ಊಟದ ಎಲೆ ಹಾಕಿದರು. ತಿಪ್ಪೇಶ ಮಾತ್ರ ಕತ್ತಿನವರೆಗೆ ನೀರಿನಲ್ಲೇ ನಿಂತಿದ್ದ. ಹಾಲಮ್ಮ ಮೆಟ್ಟಿಲ ಮೇಲಿಂದ ಬಾ ಮಗ, ಎಲೆ ಹಾಕಿದಾರೆ ಅಂತ ಕರೆದಳು. ಅವನು ಬರಲೊಲ್ಲ. ಒಡೆದ ತೊಟ್ಟಿಯನ್ನು ನೀರೊಳಗೆ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಮುಖವೆಲ್ಲ ಬೆಳಕಾಗಿ ತಾಯಿಯ ಕಡೆ ನೋಡಿದ.

"ಅವ್ವ, ಇಲ್ಲಿಟ್ಟ ಮೇಲೆ ಒಂದು ಹನಿಯೂ ಸೋರ್ತಿಲ್ಲ. ತುಂಬಿದ್ದು ತುಂಬಿದಂಗೇ ಅದೆ. ಮೇಲೆ ತಂದರೆ ಮತ್ತೆ ಸೋರ್ತದೆ. ನೀವು ಊಟ ಮಾಡಿ ಬನ್ನಿ, ನಾನು ಹಿಡ್ಕೊಂಡಿರ್ತೀನಿ. ಬರುವಾಗ ಒಂದು ವಿಭೂತಿ ಗಟ್ಟಿ ತಗೊಂಡು ಬಾ, ಗೆರೆ ಎಳೆದು ತೋರಿಸ್ತೀನಿ."